ಆಕಸ್ಮಿಕದ ಪಾಲೆಷ್ಟು, ಆಯ್ಕೆಯ ಪಾಲೆಷ್ಟು

ಮಲೆನಾಡಿನ ಅಡಿಕೆ ತೋಟಗಳಲ್ಲಿ ಓಡಾಡಿದವರು ಹಾರುವ ಓತಿಯನ್ನು ಕಂಡಿರುತ್ತೀರಿ. ಕಾಣದವರು ತೇಜಸ್ವಿಯವರ 'ಕರ್ವಾಲೊ' ಓದುತ್ತ ಅದರ ಬೆನ್ನು ಹತ್ತಿ ಹೋಗಿರುತ್ತೀರಿ. ಬೂದು ಬಣ್ಣದ ಕಾಂಡಕ್ಕೆ ಅಂಟಿಕೊಂಡು ಕೂತಾಗ ಓತಿ ಯಾವುದು, ತೊಗಟೆ ಯಾವುದು ತಿಳಿಯುವುದಿಲ್ಲ. ಕತ್ತಿನ ಕೆಳಗಿನ ಹಳದಿ ಚೀಲವನ್ನು ಒಂದೆರಡು ಸಲ ಆಡಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ನೋಡನೋಡುತ್ತಲೇ ಮರ ಬಿಟ್ಟು ಜಿಗಿದು, ಎರಡೂ ಪಕ್ಕದ ಪೊರೆ ಬಿಚ್ಚಿ, ಓರೆಯಾಗಿ ತೇಲಿ, ಮುಂದಿನ ಮರಕ್ಕೆ ಹೋಗಿ ಕೂರುತ್ತದೆ. ಆ ಪೊರೆಯನ್ನು ಬಿಗಿಯಾಗಿ ಹಿಡಿದಿರುವುದು ಅದರ ಪಕ್ಕೆಲುಬುಗಳು. ನಮ್ಮ ದೇಹದಲ್ಲಿ ಎದೆಗೂಡಾಗಿ ಶ್ವಾಸಕೋಶವನ್ನು ಕಾಯುವ ಎಲುಬು, ಈ ಓತಿಯಲ್ಲಿ ಉದ್ದಕ್ಕೆ ಬೆಳೆದು, ಮೈಯಿಂದಾಚೆಗೆ ಚಾಚಿ, ರೆಕ್ಕೆಯ ಕಡ್ಡಿಯಾಗಿದೆ.

ಅದೇ ಕಾಡಿನಲ್ಲಿ ಕತ್ತಲಾದ ಮೇಲೆ ಹಾರುಬೆಕ್ಕು ಹೊರಡುತ್ತದೆ. ಹೆಸರಿಗೆ ಬೆಕ್ಕಾದರೂ ಅದು ಅಳಿಲಿನ ಜಾತಿ. ಮುಂಗಾಲಿನಿಂದ ಹಿಂಗಾಲಿನವರೆಗೆ ಇರುವ ಸಡಿಲ ಚರ್ಮವನ್ನು ಅಗಲಿಸಿಕೊಂಡು ಅದು ಮರದಿಂದ ಮರಕ್ಕೆ ತೇಲುತ್ತದೆ. ಮಳೆಗಾಲ ಹಿಡಿದರೆ ಹಸಿರು ಬಣ್ಣದ ಕಪ್ಪೆಯೊಂದು ಬೆರಳುಗಳ ನಡುವಿನ ಕೆಂಪು ಜಾಲಪೊರೆ ಬಿಡಿಸಿಕೊಂಡು ಕೊಂಬೆಯಿಂದ ಕೆಳಗಿನ ಕೊಂಬೆಗೆ ಇಳಿಯುತ್ತದೆ. ಇವು ಸಾಲದು ಎಂಬಂತೆ ಹಾರುವ ಹಾವೂ ಇದೆ. ಅದಕ್ಕೆ ಪೊರೆಯೂ ಇಲ್ಲ, ಕಾಲೂ ಇಲ್ಲ. ಪಕ್ಕೆಲುಬುಗಳನ್ನು ಅಗಲಿಸಿ, ಇಡೀ ಮೈಯನ್ನು ಚಪ್ಪಟೆ ಮಾಡಿಕೊಂಡು ಗಾಳಿಯಲ್ಲಿ ಅಲೆಯಲೆಯಾಗಿ ಸಾಗುತ್ತದೆ.

ಒಂದೇ ಕಾಡು, ನಾಲ್ಕು ಪ್ರಾಣಿ, ಕೆಲಸವೂ ಒಂದೇ. ಸಲಕರಣೆ ಮಾತ್ರ ನಾಲ್ಕು ಬಗೆ. ಎತ್ತರದ ಮರಗಳ ಕಾಡಿನಲ್ಲಿ ನೆಲಕ್ಕಿಳಿದು ನಡೆದು ಮತ್ತೆ ಹತ್ತುವುದಕ್ಕೆ ಶಕ್ತಿ ಹೆಚ್ಚು ಬೇಕು, ನೆಲದಲ್ಲಿ ಬೇಟೆಗಾರರ ಭಯವೂ ಇದೆ. ತೇಲಿ ಹೋಗಬಲ್ಲ ಪ್ರಾಣಿಗೆ ಅಲ್ಲಿ ಬದುಕು ಸ್ವಲ್ಪ ಹಗುರ. ಆ ಸ್ವಲ್ಪವೇ ಸಾವಿರಾರು ತಲೆಮಾರುಗಳಲ್ಲಿ ಕೂಡಿ ಕೂಡಿ ಈ ನಾಲ್ಕನ್ನೂ ತೇಲುವ ಕಡೆಗೇ ತಂದಿತು. ಇದು ನೈಸರ್ಗಿಕ ಆಯ್ಕೆಯ ಕೆಲಸ. ಆದರೆ ಯಾವ ಅಂಗ ರೆಕ್ಕೆಯಾಗಬೇಕು ಎಂಬುದನ್ನು ಕಾಡು ಹೇಳಲಿಲ್ಲ. ಕಪ್ಪೆಗೆ ಪಕ್ಕೆಲುಬೇ ಇಲ್ಲ. ಅದಕ್ಕೆ ಹಿರಿಯರಿಂದ ಬಂದದ್ದು ಬೆರಳ ನಡುವಿನ ಪೊರೆ. ಯಾರ ಬಳಿ ಏನಿತ್ತು, ಯಾರಲ್ಲಿ ಯಾವ ಬದಲಾವಣೆ ಯಾವಾಗ ಹುಟ್ಟಿತು ಎಂಬುದರಲ್ಲಿ ಆಕಸ್ಮಿಕದ ಕೈ ಇದೆ.

ವಿಕಾಸದ ಬಗ್ಗೆ ಎಲ್ಲೇ ಮಾತು ಬಂದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಕಣ್ಣು, ಕಿವಿ, ಮಿದುಳು ಇಷ್ಟೆಲ್ಲ ಬರೀ ಆಕಸ್ಮಿಕವಾಗಿ ಆಗಲು ಸಾಧ್ಯವೇ ಸ್ವಾಮಿ?" ಸಾಧ್ಯವಿಲ್ಲ. ಆಗಲೂ ಇಲ್ಲ. ಹಾಗೆಂದ ತಕ್ಷಣ ಇನ್ನೊಬ್ಬರು, "ಹಾಗಾದರೆ ಪ್ರಾಣಿಯ ಮೈಮೇಲಿನ ಒಂದೊಂದು ಮಚ್ಚೆಗೂ ಏನೋ ಒಂದು ಉಪಯೋಗ ಇರಲೇಬೇಕು" ಎನ್ನುತ್ತಾರೆ. ಅದೂ ನಿಜವಲ್ಲ. ಆಕಸ್ಮಿಕವೂ ಆಯ್ಕೆಯೂ ಪ್ರತಿ ತಲೆಮಾರಿನಲ್ಲಿ ಜೊತೆಯಾಗಿಯೇ ಕೆಲಸ ಮಾಡುತ್ತವೆ. ಯಾವುದರ ಮಾತು ಹೆಚ್ಚು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಒಂದು ಸಂಗತಿಯ ಮೇಲೆ ನಿಂತಿದೆ: ಆ ಜೀವಿಗಳು ಎಷ್ಟಿವೆ ಎಂಬ ಸಂಖ್ಯೆಯ ಮೇಲೆ. ಇವತ್ತಿನ ಮಾತಿನ ಸಾರ ಇದು. ಆದರೆ ಅಲ್ಲಿಗೆ ತಲುಪುವ ಮೊದಲು ಆಕಸ್ಮಿಕ ಯಾವ ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂದು ನೋಡಬೇಕು.

ಮೊದಲ ಬಾಗಿಲು ಉತ್ಪರಿವರ್ತನೆ. ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆಯಲ್ಲಿ, ತಾಯಿಯಲ್ಲಿ ಇಲ್ಲದಿದ್ದ ಸುಮಾರು 60ರಿಂದ 70 ಹೊಸ ಬದಲಾವಣೆಗಳಿರುತ್ತವೆ. ಈ ಬದಲಾವಣೆ ಜೀವಿಯ ಅಗತ್ಯವನ್ನು ನೋಡಿಕೊಂಡು ಬರುತ್ತದೆಯೇ, ಅಥವಾ ಅಗತ್ಯಕ್ಕೂ ಅದಕ್ಕೂ ಸಂಬಂಧವೇ ಇಲ್ಲವೇ? ಬಹಳ ಕಾಲ ಇದಕ್ಕೆ ಖಚಿತ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ ಕತೆ ಸ್ವಾರಸ್ಯವಾಗಿದೆ. ಸಾಲ್ವಡಾರ್ ಲೂರಿಯಾ ಇಟಲಿಯ ಯಹೂದಿ ವಿಜ್ಞಾನಿ. ಮುಸೊಲಿನಿಯ ಕಾಲದಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದು, ಇಂಡಿಯಾನಾ ವಿಶ್ವವಿದ್ಯಾಲಯ ಸೇರಿಕೊಂಡಿದ್ದರು. ಅವರ ಮುಂದಿದ್ದ ಸಮಸ್ಯೆ ಇಷ್ಟು: ಬ್ಯಾಕ್ಟೀರಿಯಾಗಳ ಮೇಲೆ ಅವನ್ನು ಕೊಲ್ಲುವ ವೈರಸ್ ಬಿಟ್ಟರೆ ಕೋಟಿಗಟ್ಟಲೆ ಸಾಯುತ್ತವೆ, ಎಲ್ಲೋ ಕೆಲವು ಉಳಿಯುತ್ತವೆ. ಉಳಿದವು ವೈರಸ್ ತಗುಲಿದ ಮೇಲೆ ಅದಕ್ಕೆ ಪ್ರತಿಯಾಗಿ ಬದಲಾದವೋ, ವೈರಸ್ ಬರುವ ಮೊದಲೇ ಬದಲಾಗಿ ಕೂತಿದ್ದವೋ? 1943ರಲ್ಲಿ ಒಂದು ಸಂಜೆ ಅಧ್ಯಾಪಕರ ನೃತ್ಯಕೂಟದಲ್ಲಿ ಲೂರಿಯಾ ನಿಂತಿದ್ದರು. ಪಕ್ಕದಲ್ಲಿ ಸಹೋದ್ಯೋಗಿಯೊಬ್ಬರು ಜೂಜಿನ ಯಂತ್ರಕ್ಕೆ ನಾಣ್ಯ ಹಾಕುತ್ತಿದ್ದರು. ಹಾಕಿದ್ದೆಲ್ಲ ಹೋಗುತ್ತಿತ್ತು. ಒಮ್ಮೆ ಇದ್ದಕ್ಕಿದ್ದಂತೆ ನಾಣ್ಯಗಳ ರಾಶಿಯೇ ಸುರಿಯಿತು. ಲೂರಿಯಾ ತಲೆಯಲ್ಲಿ ಪ್ರಯೋಗ ಸಿದ್ಧವಾಯಿತು.

ಬ್ಯಾಕ್ಟೀರಿಯಾವನ್ನು ಒಂದೇ ಪಾತ್ರೆಯಲ್ಲಿ ಬೆಳೆಸುವ ಬದಲು ಹಲವು ಚಿಕ್ಕ ಕೊಳವೆಗಳಲ್ಲಿ ಬೇರೆ ಬೇರೆಯಾಗಿ ಬೆಳೆಸಬೇಕು. ಆಮೇಲೆ ಒಂದೊಂದನ್ನೂ ವೈರಸ್ ಹಚ್ಚಿದ ತಟ್ಟೆಗೆ ಸುರಿದು, ಉಳಿದವನ್ನು ಎಣಿಸಬೇಕು. ವೈರಸ್ಸೇ ಬದಲಾವಣೆ ತರುವುದಾದರೆ ಎಲ್ಲ ತಟ್ಟೆಗಳಲ್ಲೂ ಹೆಚ್ಚು ಕಡಿಮೆ ಒಂದೇ ಲೆಕ್ಕ ಬರಬೇಕು, ಏಕೆಂದರೆ ಎಲ್ಲವೂ ವೈರಸ್ಸನ್ನು ಒಂದೇ ಹೊತ್ತಿಗೆ ಎದುರಿಸುತ್ತವೆ. ಮೊದಲೇ ತಾನಾಗಿ ಹುಟ್ಟಿದ ಬದಲಾವಣೆಯಾದರೆ ಲೆಕ್ಕ ಏರುಪೇರಾಗಬೇಕು. ಒಂದು ಕೊಳವೆಯಲ್ಲಿ ಬದಲಾವಣೆ ಬೇಗ ಹುಟ್ಟಿದ್ದರೆ ಅದರ ಮಕ್ಕಳು ಮೊಮ್ಮಕ್ಕಳು ಸೇರಿ ನೂರಾರು ಉಳಿಯುತ್ತವೆ, ತಡವಾಗಿ ಹುಟ್ಟಿದ್ದರೆ ಒಂದೋ ಎರಡೋ. ಅನೇಕ ಕೊಳವೆಗಳಲ್ಲಿ ಸೊನ್ನೆ. ಎಣಿಸಿ ನೋಡಿದಾಗ ಜೂಜಿನ ಯಂತ್ರದ ಲೆಕ್ಕವೇ ಬಂತು. ಗಣಿತವನ್ನು ಮಾಕ್ಸ್ ಡೆಲ್‌ಬ್ರುಕ್ ಕೂಡಿಸಿ ಕೊಟ್ಟರು. 1969ರಲ್ಲಿ ಇವರಿಬ್ಬರಿಗೂ ಆಲ್‌ಫ್ರೆಡ್ ಹರ್ಷಿ ಅವರಿಗೂ ನೊಬೆಲ್ ಬಂತು.

ಈ ಆಕಸ್ಮಿಕವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಉತ್ಪರಿವರ್ತನೆಗೆ ಕಾರಣವೇ ಇಲ್ಲ ಎಂದು ಯಾರೂ ಹೇಳುತ್ತಿಲ್ಲ. ರಾಸಾಯನಿಕ ಕಾರಣಗಳಿವೆ, ವಿಕಿರಣವಿದೆ, ನಕಲು ಮಾಡುವ ಕಿಣ್ವಗಳ ತಪ್ಪುಗಳಿವೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಬದಲಾವಣೆ ಬೇರೆ ಕಡೆಗಿಂತ ಹೆಚ್ಚಾಗಿಯೂ ಆಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ವೈರಸ್ ಬರಲಿದೆ ಎಂಬ ಸಂಗತಿ ಆ ಕಾರಣಗಳಿಗೆ ಗೊತ್ತಿಲ್ಲ. ಆಕಸ್ಮಿಕ ಎಂದರೆ ಇಲ್ಲಿ ಇಷ್ಟೇ. ಆಸ್ಪತ್ರೆಗಳಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳು ಹೆಚ್ಚುತ್ತಿರುವುದರಲ್ಲೂ ಇದೇ ದಾರಿಯ ದೊಡ್ಡ ಪಾಲಿದೆ: ಬದಲಾವಣೆ ಮೊದಲು, ಔಷಧಿ ಆಮೇಲೆ. ನಾವು ಬೇಕಾಬಿಟ್ಟಿ ನುಂಗುವ ಗುಳಿಗೆ ಬದಲಾವಣೆಯನ್ನು ಹುಟ್ಟಿಸಬೇಕಾಗಿಲ್ಲ, ಆಗಲೇ ಇರುವ ಬದಲಾದ ರೋಗಾಣುವಿಗೆ ಜಾಗ ತೆರವು ಮಾಡಿಕೊಟ್ಟರೆ ಸಾಕು.

ಹುಟ್ಟಿದ ಬದಲಾವಣೆಯನ್ನು ಆಯ್ಕೆ ಹೇಗೆ ಹಿಡಿದುಕೊಳ್ಳುತ್ತದೆ ಎಂಬುದಕ್ಕೆ ನಮ್ಮ ರಕ್ತದಲ್ಲೇ ಸಾಕ್ಷಿ ಇದೆ. ರಕ್ತದ ಹಿಮೋಗ್ಲೋಬಿನ್ ತಯಾರಿಸುವ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಿಕಲ್ ಸೆಲ್ ಕಾಯಿಲೆ. ದುಂಡಗಿನ ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆಯ ಸಂಕಟವನ್ನು ಅನುಭವಿಸುತ್ತಿರುವ ಮನೆಗಳಿವೆ. ತಂದೆತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಬಂದ ಮಗುವಿಗೆ ತೀವ್ರ ನೋವು, ರಕ್ತಹೀನತೆ. ಇಷ್ಟು ಕ್ರೂರವಾದದ್ದು ಅಳಿದು ಹೋಗಬೇಕಿತ್ತಲ್ಲ, ಏಕೆ ಉಳಿಯಿತು? ಒಂದೇ ಪ್ರತಿ ಇದ್ದವರಿಗೆ ಮಾರಕ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಇದನ್ನು 1954ರಲ್ಲಿ ಆಂಥೊನಿ ಆ್ಯಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿಕೊಟ್ಟರು. ಆಫ್ರಿಕಾ, ಅರೇಬಿಯಾ, ಭಾರತ ಎಲ್ಲೆಲ್ಲಿ ಮಲೇರಿಯಾ ತಲೆತಲಾಂತರದಿಂದ ಬೀಡುಬಿಟ್ಟಿತ್ತೋ ಅಲ್ಲೆಲ್ಲ ಈ ಬದಲಾವಣೆ ಹೆಚ್ಚು. ಹುಟ್ಟಿದ್ದು ಆಕಸ್ಮಿಕವಾಗಿ, ಹಬ್ಬಿದ್ದು ಆಯ್ಕೆಯಿಂದ. ಅದರಲ್ಲಿ ಮಕ್ಕಳ ನೋವಿನ ಲೆಕ್ಕವನ್ನು ಆಯ್ಕೆ ಇಡುವುದಿಲ್ಲ. ಆ ಲೆಕ್ಕ ಇಡಬೇಕಾದವರು ನಾವು.

ಆಕಸ್ಮಿಕ ಮತ್ತು ಆಯ್ಕೆ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಕಣ್ಣಾರೆ ನೋಡಿದವರು ಅಮೆರಿಕದ ರಿಚರ್ಡ್ ಲೆನ್‌ಸ್ಕಿ. 1988ರ ಫೆಬ್ರವರಿ 24ರಂದು ಅವರು ಒಂದೇ ಬ್ಯಾಕ್ಟೀರಿಯಾದ ಸಂತತಿಯನ್ನು 12 ಫ್ಲಾಸ್ಕುಗಳಿಗೆ ಹಂಚಿದರು. ನಮ್ಮೆಲ್ಲರ ಕರುಳಿನಲ್ಲಿರುವ ಇ. ಕೋಲಿ. ಫ್ಲಾಸ್ಕಿನಲ್ಲಿ ಅತಿ ಸ್ವಲ್ಪ ಗ್ಲೂಕೋಸ್. ಮರುದಿನದೊಳಗೆ ಅದನ್ನು ತಿಂದು ಮುಗಿಸಿ ಬ್ಯಾಕ್ಟೀರಿಯಾ ಹಸಿದು ಕೂತಿರುತ್ತದೆ. ಆಗ ಆ ದ್ರವದ ನೂರರಲ್ಲಿ ಒಂದು ಪಾಲನ್ನು ಹೊಸ ಫ್ಲಾಸ್ಕಿಗೆ ವರ್ಗಾಯಿಸುತ್ತಾರೆ. ಉಳಿದದ್ದು ಚರಂಡಿಗೆ. ದಿನಕ್ಕೆ ಆರೇಳು ತಲೆಮಾರು ಕಳೆಯುತ್ತದೆ. ಪ್ರತಿ 500 ತಲೆಮಾರಿಗೊಮ್ಮೆ ಒಂದಿಷ್ಟನ್ನು ಡೀಪ್ ಫ್ರೀಜರಿನಲ್ಲಿ ತೆಗೆದಿಡುತ್ತಾರೆ. ಬೇಕೆಂದಾಗ ಅದನ್ನು ಹೊರತೆಗೆದು ಮತ್ತೆ ಬದುಕಿಸಬಹುದು. ಹಬ್ಬ, ರಜೆ, ಹಿಮಪಾತ ಏನೇ ಬರಲಿ, ಯಾರಾದರೊಬ್ಬರು ಬಂದು ಈ ವರ್ಗಾವಣೆ ಮಾಡಲೇಬೇಕು. ವಿಜ್ಞಾನದಲ್ಲಿ ಇಂಥ ತಾಳ್ಮೆಯನ್ನು ಕಂಡಾಗ ನನಗೆ ಗೌರವ ಉಕ್ಕಿ ಬರುತ್ತದೆ.

ಹನ್ನೆರಡೂ ಫ್ಲಾಸ್ಕುಗಳಲ್ಲಿ ಬ್ಯಾಕ್ಟೀರಿಯಾ ಮೊದಲಿಗಿಂತ ವೇಗವಾಗಿ ಬೆಳೆಯತೊಡಗಿತು. ಹನ್ನೆರಡರಲ್ಲೂ ಕೋಶಗಳು ದಪ್ಪಗಾದವು. ಬೇರೆ ಬೇರೆ ಫ್ಲಾಸ್ಕುಗಳಲ್ಲಿ ಬದಲಾದ ವಂಶವಾಹಿಗಳೂ ಎಷ್ಟೋ ಸಲ ಅವೇ ಆಗಿದ್ದವು. ಒಂದಕ್ಕೊಂದು ಸಂಪರ್ಕವಿಲ್ಲದ ಹನ್ನೆರಡು ಲೋಕಗಳು ಒಂದೇ ದಿಕ್ಕಿಗೆ ಹೊರಟವು ಎಂದರೆ ಅದು ಆಯ್ಕೆಯ ಎಳೆತ.

ಆಮೇಲೆ 2003ರ ಜನವರಿಯಲ್ಲಿ ಒಂದು ಫ್ಲಾಸ್ಕು ಮಾತ್ರ ಉಳಿದವುಗಳಿಗಿಂತ ಹೆಚ್ಚು ಮಬ್ಬಾಗಿ ಕಂಡಿತು. ಬೇರೆ ಯಾವುದೋ ಸೂಕ್ಷ್ಮಜೀವಿ ಸೇರಿ ಹಾಳಾಗಿದೆ ಎಂಬ ಅನುಮಾನ ಸಹಜವಾಗಿತ್ತು. ಪರೀಕ್ಷಿಸಿದರೆ ಅದು ಅವರದೇ ಬ್ಯಾಕ್ಟೀರಿಯಾ. ಅದು ಸಿಟ್ರೇಟ್ ತಿನ್ನುವುದನ್ನು ಕಲಿತಿತ್ತು. ನಿಂಬೆಹಣ್ಣಿನ ಹುಳಿಯಲ್ಲಿರುವ ಈ ಪದಾರ್ಥ ಮೊದಲಿನಿಂದಲೂ ದ್ರವದಲ್ಲಿ ಇತ್ತು, ಆದರೆ ಆಮ್ಲಜನಕ ಇರುವ ಕಡೆ ಇ. ಕೋಲಿ ಅದನ್ನು ತಿನ್ನಲಾರದು. ಬ್ಯಾಕ್ಟೀರಿಯಾಗಳಲ್ಲಿ ಇ. ಕೋಲಿಯನ್ನು ಗುರುತಿಸುವುದಕ್ಕೇ ಈ ಲಕ್ಷಣವನ್ನು ಬಳಸುತ್ತಿದ್ದರು. ಸುಮಾರು 31,500 ತಲೆಮಾರುಗಳ ನಂತರ ಹನ್ನೆರಡರಲ್ಲಿ ಒಂದೇ ಒಂದು ಆ ಗೆರೆ ದಾಟಿತು.

ಆ ಒಂದಕ್ಕೆ ಬರೀ ಅದೃಷ್ಟವೇ? ಲೆನ್‌ಸ್ಕಿ ಅವರ ಶಿಷ್ಯ ಝಕಾರಿ ಬ್ಲೌಂಟ್, ಫ್ರೀಜರಿನಲ್ಲಿಟ್ಟಿದ್ದ ಹಳೆಯ ತಲೆಮಾರುಗಳನ್ನು ಹೊರತೆಗೆದು ಇತಿಹಾಸವನ್ನು ಮತ್ತೆ ಮತ್ತೆ ಓಡಿಸಿ ನೋಡಿದರು. ಆರಂಭದ ತಲೆಮಾರುಗಳಿಂದ ಹೊರಟರೆ ಸಿಟ್ರೇಟ್ ತಿನ್ನುವ ಗುಣ ಬರಲಿಲ್ಲ. ಸುಮಾರು 20,000 ತಲೆಮಾರು ಕಳೆದ ಮೇಲಿನವುಗಳಿಂದ ಹೊರಟರೆ ಅಪರೂಪಕ್ಕೆ, ಆದರೆ ಮತ್ತೆ ಮತ್ತೆ ಬಂತು. ಎಂದರೆ ನಡುವೆ ಎಲ್ಲೋ, ಆಗ ಸಿಟ್ರೇಟಿಗೆ ಸಂಬಂಧವೇ ಇಲ್ಲದ ಬದಲಾವಣೆ ನಡೆದು ಮುಂದಿನದಕ್ಕೆ ನೆಲ ಹದ ಮಾಡಿತ್ತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಆಕಸ್ಮಿಕಕ್ಕೆ ನೆನಪು ಇರುತ್ತದೆ ಎಂದು ನನಗೆ ಮನದಟ್ಟಾದದ್ದು ಈ ಪ್ರಯೋಗದ ವಿವರ ಓದಿದ ಮೇಲೆ. ಒಮ್ಮೆ ನಡೆದುಹೋದ ಸಣ್ಣ ಸಂಗತಿ ಮುಂದಿನ ಸಾವಿರ ಸಾಧ್ಯತೆಗಳಲ್ಲಿ ಕೆಲವನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ.

ಇನ್ನೂ ದೊಡ್ಡ ಪ್ರಮಾಣದ ಆಕಸ್ಮಿಕವೂ ಇದೆ. 6.6 ಕೋಟಿ ವರ್ಷಗಳ ಹಿಂದೆ ಸುಮಾರು 10 ಕಿಲೋಮೀಟರ್ ಅಗಲದ ಬಂಡೆಯೊಂದು ಆಕಾಶದಿಂದ ಇಂದಿನ ಮೆಕ್ಸಿಕೊ ಕರಾವಳಿಗೆ ಬಂದು ಅಪ್ಪಳಿಸಿತು. ಅದೇ ಕಾಲದ ಆಸುಪಾಸಿನಲ್ಲಿ ದಖ್ಖನ್ನಿನಲ್ಲಿ ಲಾವಾ ಉಕ್ಕಿ ಹರಿಯುತ್ತಿತ್ತು. ಬೀದರ್, ಕಲಬುರಗಿ, ವಿಜಯಪುರದ ಕರಿಕಲ್ಲು ಆ ಲಾವಾ ಆರಿ ಆದದ್ದು, ಎರೆಮಣ್ಣು ಆ ಕಲ್ಲು ಕರಗಿ ಆದದ್ದು. ಹಕ್ಕಿಗಳ ಸಾಲನ್ನು ಬಿಟ್ಟರೆ ಉಳಿದ ಡೈನೊಸಾರ್‌ಗಳು ಅಳಿದವು. ಕೋಟಿಗಟ್ಟಲೆ ವರ್ಷ ಆಯ್ಕೆಯಲ್ಲಿ ಗೆದ್ದು ಬಂದಿದ್ದ ಪ್ರಾಣಿಗಳವು. ಆ ಗೆಲುವು ಆ ದಿನ ಕೆಲಸಕ್ಕೆ ಬರಲಿಲ್ಲ.

ಎರಡನೆಯ ಬಾಗಿಲು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಒಳ್ಳೆಯ ಬದಲಾವಣೆಯೊಂದು ಹುಟ್ಟಿದರೆ ಅದು ಹಬ್ಬಿಯೇ ಹಬ್ಬುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಜೆ.ಬಿ.ಎಸ್. ಹಾಲ್ಡೇನ್ 1927ರಲ್ಲೇ ಲೆಕ್ಕ ಹಾಕಿ ಹಾಗಲ್ಲ ಎಂದು ತೋರಿಸಿದ್ದರು. ಬ್ರಿಟನ್ನಿನ ಈ ಮಹಾ ವಿಜ್ಞಾನಿ 1957ರಲ್ಲಿ ಭಾರತಕ್ಕೆ ಬಂದು, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ತಮ್ಮ ದೇಹವನ್ನೂ ವೈದ್ಯಕೀಯ ವಿದ್ಯಾರ್ಥಿಗಳ ಕಲಿಕೆಗೆ ಬಿಟ್ಟುಕೊಟ್ಟಿದ್ದರು. ಅವರ ಲೆಕ್ಕದ ಪ್ರಕಾರ, ನೂರಕ್ಕೆ ಒಂದರಷ್ಟು ಅನುಕೂಲ ಕೊಡುವ ಹೊಸ ಬದಲಾವಣೆ ಶಾಶ್ವತವಾಗಿ ಉಳಿಯುವ ಸಾಧ್ಯತೆ ನೂರಕ್ಕೆ ಎರಡು ಮಾತ್ರ. ಉಳಿದ 98 ಸಲ ಅದು ಹುಟ್ಟಿದ ಸ್ವಲ್ಪ ಕಾಲದಲ್ಲೇ ಅಳಿಯುತ್ತದೆ. ಕಾರಣ ಸರಳ. ಮೊದಲಿಗೆ ಆ ಬದಲಾವಣೆ ಇರುವುದು ಒಂದೇ ಒಂದು ಜೀವಿಯಲ್ಲಿ. ಆ ಜೀವಿ ಎಷ್ಟೇ ಸಮರ್ಥವಾಗಿರಲಿ, ಮರಿಯಾಗಿದ್ದಾಗ ಹದ್ದು ಎತ್ತಿಕೊಂಡು ಹೋಗಬಹುದು, ಹೊಳೆಯಲ್ಲಿ ಕೊಚ್ಚಿ ಹೋಗಬಹುದು. ಬದುಕಿ ಮರಿ ಹಾಕಿದರೂ ಅದರ ವಂಶವಾಹಿಗಳಲ್ಲಿ ಅರ್ಧ ಮಾತ್ರ ಒಂದು ಮರಿಗೆ ಹೋಗುವುದರಿಂದ ಈ ಬದಲಾವಣೆ ಆ ಅರ್ಧದಲ್ಲಿ ಇಲ್ಲದೇ ಇರಬಹುದು. ಮೊದಲ ತಲೆಮಾರಿನಲ್ಲೇ ಕಳೆದುಹೋಗುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಜೀವಲೋಕದಲ್ಲಿ ಹುಟ್ಟಿ, ಯಾರಿಗೂ ಉಪಯೋಗಕ್ಕೆ ಬರುವ ಮೊದಲೇ ಇಲ್ಲವಾದ ಒಳ್ಳೆಯ ಗುಣಗಳು ಎಷ್ಟಿರಬಹುದು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಒಂದು ಮೂಟೆಯಲ್ಲಿ ಕೆಂಪು ಅಲಸಂದೆ, ಬಿಳಿ ಅಲಸಂದೆ ಅರ್ಧರ್ಧ ಬೆರೆತಿವೆ ಎನ್ನಿ. ಮುಂದಿನ ವರ್ಷದ ಬಿತ್ತನೆಗೆ ಎಂದು ಹತ್ತು ಸೇರು ಅಳೆದರೆ ಅದರಲ್ಲೂ ಹೆಚ್ಚು ಕಡಿಮೆ ಅರ್ಧರ್ಧವೇ ಬರುತ್ತದೆ. ಕಣ್ಣುಮುಚ್ಚಿ ಬರೀ ಹತ್ತು ಕಾಳು ತೆಗೆದರೆ ಏಳು ಕೆಂಪು, ಮೂರು ಬಿಳಿ ಬರಬಹುದು. ಅವನ್ನೇ ಬಿತ್ತಿ, ಬೆಳೆದದ್ದರಲ್ಲಿ ಮತ್ತೆ ಹತ್ತೇ ಕಾಳು ತೆಗೆಯುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಒಂದು ಬಣ್ಣ ಪೂರ್ತಿ ಮಾಯವಾಗುತ್ತದೆ. ಮಾಯವಾದ ಬಣ್ಣದಲ್ಲಿ ದೋಷವೇನೂ ಇರಲಿಲ್ಲ. ವಿಜ್ಞಾನಿಗಳು ಇದನ್ನು ಜೆನೆಟಿಕ್ ಡ್ರಿಫ್ಟ್ ಎನ್ನುತ್ತಾರೆ.

ಇದನ್ನು ಪೀಟರ್ ಬ್ಯೂರಿ ಎಂಬವರು ಹಣ್ಣಿನ ನೊಣಗಳಲ್ಲಿ ಪರೀಕ್ಷಿಸಿ 1956ರಲ್ಲಿ ಪ್ರಕಟಿಸಿದರು. 107 ಗುಂಪುಗಳು, ಪ್ರತಿ ಗುಂಪಿನಲ್ಲೂ 8 ಗಂಡು, 8 ಹೆಣ್ಣು. ಕಣ್ಣಿನ ಬಣ್ಣದ ಒಂದು ವಂಶವಾಹಿಯ ಎರಡು ರೂಪಗಳು ಎಲ್ಲ ಗುಂಪಿನಲ್ಲೂ ಸಮ ಪಾಲಿನಲ್ಲಿ. ಪ್ರತಿ ತಲೆಮಾರಿನಲ್ಲೂ ಹುಟ್ಟಿದ ನೊಣಗಳಲ್ಲಿ ಕೈಗೆ ಸಿಕ್ಕ 8 ಗಂಡು, 8 ಹೆಣ್ಣನ್ನು ಮುಂದಿನ ತಲೆಮಾರಿಗೆ ಇಟ್ಟುಕೊಂಡರು. 19 ತಲೆಮಾರು ಕಳೆಯುವಷ್ಟರಲ್ಲಿ 30 ಗುಂಪುಗಳಲ್ಲಿ ಒಂದು ರೂಪ ಪೂರ್ತಿ ಅಳಿದಿತ್ತು, 28 ಗುಂಪುಗಳಲ್ಲಿ ಇನ್ನೊಂದು ಅಳಿದಿತ್ತು. ಎರಡೂ ಕಡೆಗೆ ಸರಿಸುಮಾರು ಸಮವಾಗಿ. ಆಯ್ಕೆ ನಡೆದಿದ್ದರೆ ಒಂದೇ ಕಡೆಗೆ ವಾಲುತ್ತಿತ್ತು.

1968ರಲ್ಲಿ ಜಪಾನಿನ ಮೊಟೊ ಕಿಮುರಾ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದು, ಅಣುಗಳ ಮಟ್ಟದಲ್ಲಿ ಸ್ಥಿರವಾಗುವ ಬದಲಾವಣೆಗಳಲ್ಲಿ ಬಹುಪಾಲು ಲಾಭವೂ ಇಲ್ಲದ ನಷ್ಟವೂ ಇಲ್ಲದ ಬದಲಾವಣೆಗಳು ಎಂದರು. ದೊಡ್ಡ ವಾಗ್ವಾದವೇ ಎದ್ದಿತು, ಅದರ ಕಾವು ಇನ್ನೂ ಪೂರ್ತಿ ಆರಿಲ್ಲ. ಅವರ ಜೊತೆಗೆ ಕೆಲಸ ಮಾಡಿದ ತೊಮೊಕೊ ಓಹ್ತಾ ಅವರ ವಿಚಾರ ನಮ್ಮ ಇವತ್ತಿನ ಮಾತಿಗೆ ಹೆಚ್ಚು ಹತ್ತಿರ. ಒಂದು ಬದಲಾವಣೆ ಲಾಭವೋ ನಷ್ಟವೋ ಎಂಬುದಷ್ಟೇ ಮುಖ್ಯವಲ್ಲ, ಅದು ಎಷ್ಟು ದೊಡ್ಡ ಗುಂಪಿನಲ್ಲಿ ಹುಟ್ಟಿತು ಎಂಬುದೂ ಮುಖ್ಯ ಎಂದು ಅವರು ತೋರಿಸಿದರು. ಸ್ಥೂಲವಾಗಿ ಹೇಳುವುದಾದರೆ, ಸಂತಾನ ಪಡೆಯುವ ಪ್ರಾಣಿಗಳು ಬರೀ 30 ಇದ್ದರೆ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯ ಲಾಭನಷ್ಟಗಳನ್ನು ಆಯ್ಕೆ ಗುರುತಿಸಲಾರದು. 30,000 ಇದ್ದರೆ ಅರವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವನ್ನೂ ಗುರುತಿಸಬಲ್ಲದು. ಗುಂಪು ಚಿಕ್ಕದಾದಂತೆ ಆಯ್ಕೆಯ ದೃಷ್ಟಿ ಮಂದವಾಗುತ್ತದೆ. ಸ್ವಲ್ಪ ಕೆಟ್ಟದ್ದು ಉಳಿದುಬಿಡುತ್ತದೆ, ಸ್ವಲ್ಪ ಒಳ್ಳೆಯದು ಕಳೆದುಹೋಗುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ ಸಿಮ್ಲಿಪಾಲ ಎಂಬ ಕಾಡಿದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ನಮ್ಮ ಬಂಡೀಪುರದ ಜೊತೆಗೇ ಪಟ್ಟಿ ಸೇರಿದ ಕಾಡು. ಅಲ್ಲಿನ ಕೆಲವು ಹುಲಿಗಳು ಮೇಲ್ನೋಟಕ್ಕೆ ಕಪ್ಪು. ಹತ್ತಿರದಿಂದ ತೆಗೆದ ಚಿತ್ರ ನೋಡಿದರೆ ಗೊತ್ತಾಗುತ್ತದೆ, ಹೊಂಬಣ್ಣ ಹೋಗಿಲ್ಲ. ಪಟ್ಟೆಗಳು ಅಗಲವಾಗಿ, ಒಂದರೊಳಗೊಂದು ಸೇರಿಕೊಂಡು, ನಡುವಿನ ಹೊಂಬಣ್ಣವನ್ನು ಬಹುಮಟ್ಟಿಗೆ ನುಂಗಿವೆ. ಬೆನ್ನಿನ ಮೇಲೆ ಮಸಿ ಚೆಲ್ಲಿದ ಹಾಗಿದ್ದರೂ ಕಾಲುಗಳ ಕಡೆ, ಮುಖದ ಕಡೆ ಹೊಂಬಣ್ಣ ಇಣುಕುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಅವರ ವಿದ್ಯಾರ್ಥಿ ವಿನಯ್ ಸಾಗರ್ ಮತ್ತು ಸಂಗಡಿಗರು ಇದರ ಕಾರಣ ಹುಡುಕಿ 2021ರಲ್ಲಿ ಪ್ರಕಟಿಸಿದರು. ಕಾಡಿನ ಹುಲಿಯನ್ನು ಹಿಡಿದು ರಕ್ತ ತೆಗೆಯುವ ಹಾಗಿಲ್ಲವಲ್ಲ. ಲದ್ದಿ, ಉದುರಿದ ಕೂದಲು ಇಂಥವುಗಳಿಂದಲೇ ಡಿಎನ್‌ಎ ಬೇರ್ಪಡಿಸಬೇಕು. ನಂದನಕಾನನ ಮೃಗಾಲಯದ ಹುಲಿ ಕುಟುಂಬಗಳ ವಂಶಾವಳಿಯೂ ನೆರವಿಗೆ ಬಂತು.

ಸಿಕ್ಕಿದ್ದು ಟಾಕ್‌ಪೆಪ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ. ಇದೇ ವಂಶವಾಹಿ ಕೆಟ್ಟರೆ ಮನೆಬೆಕ್ಕಿನ ಪಟ್ಟೆ ಸುರುಳಿ ಸುರುಳಿ ಮಚ್ಚೆಯಾಗುತ್ತದೆ. ಆಫ್ರಿಕಾದಲ್ಲಿ ಅಪರೂಪಕ್ಕೆ ಕಾಣುವ 'ರಾಜ ಚೀತಾ'ದ ದಪ್ಪ ಪಟ್ಟೆಗೂ ಇದೇ ಕಾರಣ. ತಂದೆ, ತಾಯಿ ಇಬ್ಬರಿಂದಲೂ ಬದಲಾದ ಪ್ರತಿ ಬಂದರೆ ಮಾತ್ರ ಮರಿ ಕಪ್ಪಾಗುತ್ತದೆ. ದೇಶದ ಬೇರೆ ಕಾಡುಗಳ ಹುಲಿಗಳನ್ನು ಪರೀಕ್ಷಿಸಿದರೆ ಆ ಬದಲಾವಣೆ ಎಲ್ಲೂ ಇಲ್ಲ. ಸಿಮ್ಲಿಪಾಲದಲ್ಲಿ ಮಾತ್ರ ನೂರಕ್ಕೆ ಸುಮಾರು 37 ಹುಲಿಗಳು ಕಪ್ಪು.

ದಟ್ಟ ಕಾಡಿನಲ್ಲಿ ಕಪ್ಪು ಬಣ್ಣ ಹುಲಿಗೆ ಅನುಕೂಲವಾಗಿರಬಹುದು, ಆಯ್ಕೆಯೇ ಅದನ್ನು ಹೆಚ್ಚಿಸಿರಬಹುದು ಎಂದು ಊಹಿಸುವುದು ಸುಲಭ. ಆದರೆ ಸಂಶೋಧಕರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದಾಗ, ಅಂಥ ಅನುಕೂಲ ಏನೂ ಇಲ್ಲದೆಯೂ ಈ ಸ್ಥಿತಿ ಬರಬಲ್ಲದು ಎಂದು ತಿಳಿಯಿತು. ಕೆಲವೇ ಹುಲಿಗಳಿಂದ ಬೆಳೆದ ಸಂತತಿ, ಸುತ್ತ ನೂರಾರು ಕಿಲೋಮೀಟರ್‌ವರೆಗೆ ಬೇರೆ ಹುಲಿಗಳ ನೆಲೆ ಇಲ್ಲ, ಹೊರಗಿನಿಂದ ಯಾವ ಹುಲಿಯೂ ಬಂದು ಸೇರುವುದಿಲ್ಲ. ಇಷ್ಟಿದ್ದರೆ ಸಾಕು. ಆರಂಭದ ಕೆಲವು ಹುಲಿಗಳಲ್ಲಿ ಒಂದು ಹೊತ್ತು ತಂದ ಬದಲಾವಣೆ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಏರಬಲ್ಲದು. ಕಪ್ಪು ಹುಲಿಯನ್ನು ಕಂಡವರು ಬೆರಗಾಗುತ್ತಾರೆ, ಅದನ್ನು ತೋರಿಸಲೆಂದೇ ಪ್ರವಾಸಿಗರನ್ನು ಕರೆಯುವ ಮಾತುಗಳೂ ಕೇಳಿಬರುತ್ತವೆ. ನನಗೆ ಆ ಚಿತ್ರ ನೋಡಿದಾಗಲೆಲ್ಲ ಆತಂಕವೇ ಮೊದಲು. ಬೆನ್ನಿನ ಬಣ್ಣ ಕಣ್ಣಿಗೆ ಕಾಣುತ್ತದೆ. ಅದೇ ರೀತಿ ಏರಿರಬಹುದಾದ, ರೋಗನಿರೋಧಕ ಶಕ್ತಿಯನ್ನೋ ಹೃದಯವನ್ನೋ ಮರಿಗಳ ಸಂಖ್ಯೆಯನ್ನೋ ಕುಗ್ಗಿಸುವ ಬದಲಾವಣೆಗಳು ಯಾವ ಕ್ಯಾಮೆರಾಗೂ ಬೀಳುವುದಿಲ್ಲ.

ಒಡಿಶಾದ ಅರಣ್ಯ ಇಲಾಖೆ ಹೊಸ ರಕ್ತ ತರಲು 2024ರಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಝೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಸಿಮ್ಲಿಪಾಲಕ್ಕೆ ತಂದಿತು. ಝೀನತ್ ಅಲ್ಲಿ ನಿಲ್ಲದೆ ಜಾರ್ಖಂಡ್ ಹಾದು ಪಶ್ಚಿಮ ಬಂಗಾಳಕ್ಕೆ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಬಾಂಕುಡಾ ಜಿಲ್ಲೆಯಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸು ತರಬೇಕಾಯಿತು. ಕಾಡುಗಳ ನಡುವಿನ ದಾರಿಯನ್ನು ಕಡಿದುಹಾಕಿದ ಮೇಲೆ ಅದೇ ಕೆಲಸವನ್ನು ಬೋನು, ಲಾರಿ, ಅರಿವಳಿಕೆಯಿಂದ ಮಾಡುವುದು ಇಷ್ಟು ಕಷ್ಟ.

ನಮ್ಮಲ್ಲಿ ಆ ದಾರಿ ಇನ್ನೂ ಉಳಿದಿದೆ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563. ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಆಚೆಗೆ ವಯನಾಡು, ಮುದುಮಲೆ, ಸತ್ಯಮಂಗಲ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಜಗತ್ತಿನಲ್ಲೇ ಅತಿ ಹೆಚ್ಚು ಹುಲಿಗಳು ಒಟ್ಟಿಗೆ ಬಾಳುವ ನೆಲೆ ಇದು. ಇಲ್ಲಿ ಹುಟ್ಟುವ ಒಳ್ಳೆಯ ಬದಲಾವಣೆಗೆ ಉಳಿಯುವ ಅವಕಾಶ ಹೆಚ್ಚು, ಕೆಟ್ಟದ್ದನ್ನು ಆಯ್ಕೆ ಹೆಕ್ಕಿ ತೆಗೆಯುವ ಸಾಧ್ಯತೆಯೂ ಹೆಚ್ಚು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ನಿರ್ಬಂಧವಿದೆ. ಅದನ್ನು ತೆಗೆಯಬೇಕೆಂಬ ಒತ್ತಾಯ ಆಗಾಗ ಏಳುತ್ತಲೇ ಇದೆ. ರಸ್ತೆ ದಾಟುವಾಗ ಸಾಯುವ ಪ್ರಾಣಿಗಳ ಲೆಕ್ಕವನ್ನಷ್ಟೇ ಹಿಡಿದು ಈ ವಾದ ನಡೆಯುತ್ತದೆ. ವಾಹನಗಳ ಸದ್ದಿಗೂ ಬೆಳಕಿಗೂ ಹೆದರಿ ದಾಟದೇ ಹಿಂದಿರುಗುವ ಪ್ರಾಣಿಗಳನ್ನೂ ಆ ಲೆಕ್ಕಕ್ಕೆ ಸೇರಿಸಿ ಎಂದು ನಾನು ಕೇಳುತ್ತೇನೆ. ದಾಟದ ಪ್ರಾಣಿ ಸಾಯುವುದಿಲ್ಲ, ಆದ್ದರಿಂದ ಯಾವ ದಾಖಲೆಯಲ್ಲೂ ಬರುವುದಿಲ್ಲ. ಆದರೆ ಅವು ದಾಟುವುದನ್ನು ಬಿಟ್ಟುಬಿಟ್ಟರೆ ಇಷ್ಟು ದೊಡ್ಡ ಗುಂಪು ಮೂರು ನಾಲ್ಕು ಚಿಕ್ಕ ಗುಂಪುಗಳಾಗಿ ಒಡೆಯುತ್ತದೆ. ಚಿಕ್ಕ ಗುಂಪಿನಲ್ಲಿ ಏನಾಗುತ್ತದೆ ಎಂಬುದು ಸಿಮ್ಲಿಪಾಲದಲ್ಲಿ ಕಾಣುತ್ತಲೇ ಇದೆ.